ದ್ರಾಕ್ಷಿತೋಟದಲ್ಲಿ ತಿದ್ದಿಕೊಂಡ ಒಂದು ಉತ್ತರ



"ದೇಶ ಸುತ್ತಬೇಕು, ಕೋಶ ಓದಬೇಕು" ಎಂಬ ಮಾತನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಾನು ಮಾತ್ರ ಸೇವೆಯಲ್ಲಿದ್ದಷ್ಟು ಕಾಲವೂ ಕೋಶವನ್ನೇ ನಂಬಿಕೊಂಡಿದ್ದವನು. ದೇಶ ಸುತ್ತುವ ಯೋಗ ಬಂದದ್ದು ನಿವೃತ್ತಿಯ ನಂತರ. ಹಾಗೆ ಸುತ್ತಿದಾಗ, ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ನಾನು ಧೈರ್ಯವಾಗಿ ಹೇಳಿಕೊಡುತ್ತಿದ್ದ ಒಂದು ಉತ್ತರ ತಪ್ಪೆಂದು ತಿಳಿಯಿತು. ಆ ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಹತ್ತನೆಯ ತರಗತಿಯಲ್ಲಿ ಗಾಂಧೀಜಿಯವರ ಪಾಠ ಬಂದಾಗಲೆಲ್ಲ ನಾನು ದಕ್ಷಿಣ ಆಫ್ರಿಕದ ಹಿನ್ನೆಲೆಯನ್ನು ವಿವರಿಸುತ್ತಿದ್ದುದು ನಿಮಗೆ ನೆನಪಿರಬಹುದು. 1860ರ ನವೆಂಬರ್ 16ರಂದು ಮದರಾಸಿನಿಂದ ಹೊರಟ 'ಟ್ರೂರೋ' ಎಂಬ ಹಡಗು ಡರ್ಬನ್ ಮುಟ್ಟಿತು. ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಬಂದ ಅವರಿಂದಲೇ ಅಲ್ಲಿ ಭಾರತೀಯರ ಚರಿತ್ರೆ ಆರಂಭವಾಯಿತು. 1893ರಲ್ಲಿ ಗಾಂಧೀಜಿ ಅಲ್ಲಿಗೆ ಹೋದರು. ಇದು ನನ್ನ ಪಾಠದ ಕ್ರಮ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, "ಸಾರ್, ಅದಕ್ಕೆ ಮುಂಚೆ ನಮ್ಮವರು ಯಾರೂ ಅಲ್ಲಿ ಇರಲಿಲ್ಲವೇ?" ಎಂದು ಕೇಳಿದಳು. ನಾನು ಒಂದು ಕ್ಷಣವೂ ಯೋಚಿಸದೆ "ಇರಲಿಲ್ಲ, ಕುಳಿತುಕೋ" ಎಂದೆ. ಅವಳು ಕುಳಿತುಕೊಂಡಳು. ಪ್ರಶ್ನೆ ಮಾತ್ರ ಎಲ್ಲಿಯೋ ನಿಂತೇ ಇತ್ತು. ಅದಕ್ಕೆ ಉತ್ತರ ದೊರೆತದ್ದು 2023ರ ಫೆಬ್ರವರಿಯಲ್ಲಿ, ನಾನು ಕನಸಿನಲ್ಲಿಯೂ ಎಣಿಸದ ಸ್ಥಳದಲ್ಲಿ.

ಮಗಳು ಮತ್ತು ಅಳಿಯ ಆಗ ಕೇಪ್ ಟೌನಿನಲ್ಲಿದ್ದರು. ನಾನೂ ನಮ್ಮ ಮನೆಯವರೂ ಆರು ವಾರ ಅಲ್ಲಿದ್ದೆವು. ಒಂದು ಶುಕ್ರವಾರ ಅಳಿಯಂದಿರು, "ಮಾವ, ಈ ವಾರ ವೈನ್ ಸೀಮೆಗೆ ಹೋಗೋಣ" ಎಂದರು. ಜನ್ಮದಲ್ಲಿ ಮದ್ಯವನ್ನು ಮುಟ್ಟದ ನನ್ನನ್ನು ಅಲ್ಲಿಗೇಕೆ ಕರೆದೊಯ್ಯುತ್ತಾರೆಂದು ನನಗೆ ಅಚ್ಚರಿ. "ಕುಡಿಯುವುದು ಬೇಡ ಅಪ್ಪ, ನೋಡುವುದಕ್ಕೆ ಬನ್ನಿ, ನಿಮ್ಮ ಇತಿಹಾಸ ಅಲ್ಲಿದೆ" ಎಂದು ಮಗಳು ನಕ್ಕಳು. ಅವಳು ಹೇಳಿದ್ದು ಹಳೆಯ ಕಟ್ಟಡಗಳನ್ನು ಕುರಿತು. ಆ ಮಾತಿಗೆ ಬೇರೊಂದು ಅರ್ಥವಿದ್ದುದು ಅವಳಿಗೂ ಗೊತ್ತಿರಲಿಲ್ಲ.

ಮೊದಲು ಭೂಗೋಳ. ಬೇಸಗೆಯಲ್ಲಿ ಒಣಹವೆ, ಚಳಿಗಾಲದಲ್ಲಿ ಮಳೆ: ಇದು ಮೆಡಿಟರೇನಿಯನ್ ವಾಯುಗುಣ ಎಂದು ಕಲಿತಿದ್ದೀರಿ. ಮೆಡಿಟರೇನಿಯನ್ ತೀರ, ಕ್ಯಾಲಿಫೋರ್ನಿಯ, ಮಧ್ಯ ಚಿಲಿ, ಆಸ್ಟ್ರೇಲಿಯದ ನೈರುತ್ಯ ಭಾಗ ಮತ್ತು ಕೇಪ್, ಈ ಐದನ್ನು ಭೂಪಟದಲ್ಲಿ ಗುರುತಿಸಿ ಎಂಬ ಪ್ರಶ್ನೆಗೆ ನೀವು ಅಂಕ ಗಳಿಸಿದ್ದೀರಿ. ಆ ಐದೂ ಕಡೆ ದ್ರಾಕ್ಷಿ ಬೆಳೆಯುತ್ತದೆ. ದಕ್ಷಿಣಾರ್ಧಗೋಳವಾದುದರಿಂದ ಕೇಪಿನಲ್ಲಿ ಫೆಬ್ರವರಿ ಎಂದರೆ ಸುಗ್ಗಿಯ ಕಾಲ. ನಮ್ಮ ದೊಡ್ಡಬಳ್ಳಾಪುರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿಯನ್ನು ತಲೆಯ ಮೇಲಿನ ಚಪ್ಪರಕ್ಕೆ ಹಬ್ಬಿಸುತ್ತಾರಷ್ಟೆ? ಅಲ್ಲಿ ಬಳ್ಳಿಗಳು ಎದೆಯೆತ್ತರದ ತಂತಿಬೇಲಿಯ ಮೇಲೆ ಸಾಲಾಗಿ ನಿಂತಿರುತ್ತವೆ. ಆ ಹಸಿರು ಸಾಲುಗಳು ಬೆಟ್ಟದ ಬುಡದವರೆಗೆ ಹೋಗಿ ನಿಲ್ಲುತ್ತವೆ. ಅವುಗಳ ಮೇಲೆ ನೀಲಿಬೂದು ಬಣ್ಣದ ಬಂಡೆಗಲ್ಲಿನ ಪರ್ವತಗಳು. ನಡುವೆ ಸುಣ್ಣ ಬಳಿದ ಬಿಳಿಯ ಮನೆಗಳು, ಹುಲ್ಲಿನ ಛಾವಣಿ, ಮುಂಭಾಗದಲ್ಲಿ ಬಳುಕಿದ ಅಂಚಿನ ಮುಖಗೋಡೆ. ಅಂಥ ಸೊಬಗನ್ನು ನಾನು ಬಹಳ ಕಡೆ ಕಂಡಿಲ್ಲ.

ಇನ್ನು ಚರಿತ್ರೆ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ವಾನ್ ರೀಬೀಕ್ 1652ರ ಏಪ್ರಿಲ್ 6ರಂದು ಕೇಪಿನಲ್ಲಿ ಬಂದಿಳಿದ. ಯೂರೋಪಿನಿಂದ ಏಷ್ಯಕ್ಕೆ ಹೋಗಿಬರುವ ಹಡಗುಗಳಿಗೆ ನೀರು, ತರಕಾರಿ, ಮಾಂಸ ಒದಗಿಸುವ ತಂಗುದಾಣವನ್ನು ಸ್ಥಾಪಿಸುವುದು ಅವನ ಕೆಲಸ. 1655ರಲ್ಲಿ ದ್ರಾಕ್ಷಿಯ ಕಡ್ಡಿಗಳನ್ನು ತರಿಸಿ ನೆಡಿಸಿದ. 1659ರ ಫೆಬ್ರವರಿ 2ರಂದು, ಕೇಪಿನ ದ್ರಾಕ್ಷಿಯಿಂದ ಮೊದಲ ಬಾರಿಗೆ ವೈನ್ ಹಿಂಡಲಾಯಿತೆಂದು ತನ್ನ ದಿನಚರಿಯಲ್ಲಿ ಬರೆದ. ಪ್ರಪಂಚದ ಬೇರಾವ ವೈನ್ ಸೀಮೆಗೂ ಇಷ್ಟು ಖಚಿತವಾದ ಜನ್ಮದಿನ ಇರಲಾರದು. ಆದರೆ ಅದೇ 1659ರಲ್ಲಿ ಅಲ್ಲಿಯ ಮೂಲನಿವಾಸಿಗಳಾದ ಖೊಯ್‌ಖೊಯ್ ಜನ ಡಚ್ಚರ ವಿರುದ್ಧ ತಮ್ಮ ಮೊದಲ ಯುದ್ಧವನ್ನು ಹೂಡಿದರು. ಅವರು ತಲೆಮಾರುಗಳಿಂದ ದನ ಮೇಯಿಸುತ್ತಿದ್ದ ಹುಲ್ಲುಗಾವಲನ್ನು ಉತ್ತು ಬೇಲಿ ಹಾಕಿದ್ದೇ ಅದಕ್ಕೆ ಕಾರಣ. ಮೊದಲ ವೈನಿಗೂ ಮೊದಲ ಯುದ್ಧಕ್ಕೂ ಕೆಲವೇ ತಿಂಗಳ ಅಂತರ.

ನಾವು ಮೊದಲು ಹೋದದ್ದು ಕೇಪ್ ಟೌನ್ ನಗರಕ್ಕೆ ಅಂಟಿಕೊಂಡಂತಿರುವ ಗ್ರೂಟ್ ಕಾನ್ಸ್ಟಾನ್ಷಿಯ ಎಂಬ ಎಸ್ಟೇಟಿಗೆ. ಕೇಪಿನ ಆಡಳಿತಗಾರ ಸೈಮನ್ ವಾನ್ ಡರ್ ಸ್ಟೆಲ್ 1685ರಲ್ಲಿ ಪಡೆದುಕೊಂಡ ಜಮೀನಿನ ಭಾಗ ಅದು. ಅಲ್ಲಿಯ ಸಿಹಿ ವೈನ್ ಮುಂದೆ ಯೂರೋಪಿನಲ್ಲೆಲ್ಲ ಹೆಸರು ಮಾಡಿತು. ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ನನಿಗೂ ಅದು ಹೋಗುತ್ತಿತ್ತು. ನಮಗೆ ಮಾರ್ಗದರ್ಶಕಿಯಾಗಿ ಬಂದವಳು ಇಪ್ಪತ್ತೈದು ಇಪ್ಪತ್ತಾರು ವಯಸ್ಸಿನ ಸ್ಥಳೀಯ ಹುಡುಗಿ, ಇತಿಹಾಸದಲ್ಲಿ ಪದವಿ ಪಡೆದವಳು. 1791ರಲ್ಲಿ ಕಟ್ಟಿದ ವೈನ್ ಉಗ್ರಾಣದ ಮುಂದೆ ಅವಳು ನಮ್ಮನ್ನು ನಿಲ್ಲಿಸಿದಳು. ಮೇಲ್ಭಾಗದಲ್ಲಿ ಒಂದು ಉಬ್ಬುಶಿಲ್ಪವಿದೆ: ಹದ್ದಿನೊಡನೆ ಗ್ಯಾನಿಮೀಡ್ ಎಂಬ ಬಾಲಕ. ಗ್ರೀಕ್ ಪುರಾಣದ ಪ್ರಕಾರ, ಆ ಸುಂದರ ಬಾಲಕನನ್ನು ದೇವರಾಜನು ಹದ್ದಿನ ಮೂಲಕ ಎತ್ತಿಸಿಕೊಂಡು ಹೋಗಿ, ದೇವತೆಗಳ ಬಟ್ಟಲಿಗೆ ಪಾನ ಸುರಿಯುವ ಕೆಲಸಕ್ಕೆ ಇಟ್ಟುಕೊಂಡ. "ಅಂದರೆ ಮನೆಯಿಂದ ಅಪಹರಿಸಿ ತಂದ ಹುಡುಗ. ಈ ಉಗ್ರಾಣಕ್ಕೆ ಇದಕ್ಕಿಂತ ಸತ್ಯವಾದ ಚಿತ್ರ ಬೇಕಿಲ್ಲ" ಎಂದಳು ಅವಳು. ನಾನು ಅರ್ಥವಾಗದೆ ಅವಳ ಮುಖ ನೋಡಿದೆ.

ಆಗ ಅವಳು ಕೇಪಿನ ಗುಲಾಮರ ಚರಿತ್ರೆಯನ್ನು ಹೇಳತೊಡಗಿದಳು. ತೋಟಗಳಿಗೆ ಜನ ಬೇಕಾಗಿತ್ತು. 1658ರಿಂದ ಗುಲಾಮರನ್ನು ಹಡಗುಗಟ್ಟಲೆ ತರತೊಡಗಿದರು. 1808ರಲ್ಲಿ ಆ ವ್ಯಾಪಾರ ನಿಲ್ಲುವ ವೇಳೆಗೆ ಕೇಪಿಗೆ ತಂದ ಗುಲಾಮರ ಸಂಖ್ಯೆ ಸುಮಾರು 63 ಸಾವಿರ ಎಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಆಫ್ರಿಕದ ಮುಖ್ಯ ಭೂಭಾಗದವರು, ಮಡಗಾಸ್ಕರಿನವರು, ಇಂಡೊನೇಷ್ಯದವರು ಇದ್ದರು. "ಉಳಿದ ಕಾಲುಭಾಗ ನಿಮ್ಮ ಕಡೆಯವರು, ಸರ್" ಎಂದಳು.

ನಾನು ತಪ್ಪಾಗಿ ಕೇಳಿಸಿಕೊಂಡೆನೆಂದು ಭಾವಿಸಿ ಮತ್ತೆ ಕೇಳಿದೆ. ಅವಳು ಹೆಸರುಗಳನ್ನೇ ಹೇಳಿದಳು. ಕೊಂಡುತಂದ ಮನುಷ್ಯನಿಗೆ ಒಡೆಯ ತನಗೆ ತೋಚಿದ ಹೆಸರಿಟ್ಟು, ಅದರ ಮುಂದೆ ಊರು ಸೇರಿಸುತ್ತಿದ್ದ. ವಾನ್ ಬೆಂಗಾಲೆ ಎಂದರೆ ಬಂಗಾಳದವನು. ವಾನ್ ಮಲಬಾರ್, ವಾನ್ ಕೊಚಿನ್, ವಾನ್ ಕೋರಮಂಡೆಲ್. ದಾಖಲೆಗಳಲ್ಲಿ ಪುಟಗಟ್ಟಲೆ ಇಂಥ ಹೆಸರುಗಳಿವೆ. ಅವರ ತಾಯಿತಂದೆ ಇಟ್ಟ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಅವರಲ್ಲಿ ಒಬ್ಬಳು ಬಂಗಾಳದ ಏಂಜೆಲಾ. ವಾನ್ ರೀಬೀಕನ ಮನೆಯಲ್ಲಿಯೇ ಗುಲಾಮಳಾಗಿದ್ದವಳು. 1666ರಲ್ಲಿ ತನ್ನ ಮಕ್ಕಳೊಡನೆ ಬಿಡುಗಡೆ ಪಡೆದಳು. 1669ರಲ್ಲಿ ಒಬ್ಬ ಯೂರೋಪಿಯನ್ನನನ್ನು ಮದುವೆಯಾದಳು. ಅವಳ ಮಗಳು ಅನ್ನಾ ಡಿ ಕೋನಿಂಗ್ ಒಬ್ಬ ಸ್ವೀಡಿಷ್ ಸೇನಾಧಿಕಾರಿಯ ಕೈಹಿಡಿದಳು. ಆ ಅಧಿಕಾರಿ 1716ರಲ್ಲಿ ಇದೇ ಗ್ರೂಟ್ ಕಾನ್ಸ್ಟಾನ್ಷಿಯವನ್ನು ಕೊಂಡ. ಅವನ ನಿಧನಾನಂತರ, 1734ರಲ್ಲಿ ತಾನು ತೀರಿಕೊಳ್ಳುವವರೆಗೂ ಅನ್ನಾ ಈ ಮನೆಯ ಒಡತಿಯಾಗಿದ್ದಳು. ಬಂಗಾಳದಿಂದ ಮಾರಾಟವಾಗಿ ಬಂದವಳ ಮಗಳು ಜಗತ್ಪ್ರಸಿದ್ಧ ದ್ರಾಕ್ಷಿತೋಟಕ್ಕೆ ಯಜಮಾನಿ! ನಮ್ಮ ಮನೆಯವರು ಸಂತೋಷದಿಂದ ಕೈತಟ್ಟಿದರು. ಆ ಹುಡುಗಿ ಮಾತ್ರ ನಗಲಿಲ್ಲ. "ಅನ್ನಾ ಬಿಟ್ಟುಹೋದ ಆಸ್ತಿಯ ಪಟ್ಟಿಯಲ್ಲಿ ಗುಲಾಮರ ಹೆಸರುಗಳೂ ಇವೆ, ಅಮ್ಮ" ಎಂದಳು. ಒಳ್ಳೆಯ ಇತಿಹಾಸ ಶಿಕ್ಷಕಿಯ ಲಕ್ಷಣ ಅದು. ಕಥೆ ನಮಗೆ ಪ್ರಿಯವಾಗತೊಡಗಿದ ಕ್ಷಣದಲ್ಲಿಯೇ ಅವಳು ನಮ್ಮನ್ನು ತಡೆದು ನಿಲ್ಲಿಸಿದಳು. ವಾನ್ ಡರ್ ಸ್ಟೆಲ್ಲನ ತಾಯಿಯ ತಾಯಿಯೂ ಭಾರತದ ಕರಾವಳಿಯ ಮೋನಿಕಾ ಎಂಬ ಹೆಂಗಸು ಎಂದು ಅವಳೇ ಹೇಳಿದಳು. ಕಾನ್ಸ್ಟಾನ್ಷಿಯದ ಮೊದಲ ಒಡೆಯನಲ್ಲಿಯೂ ನಮ್ಮ ತೀರದ ರಕ್ತವಿತ್ತು. ಅವನ ಹೊಲದಲ್ಲಿ ದುಡಿದವರಲ್ಲಿಯೂ ಇತ್ತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಡಚ್ಚರನ್ನು ಕುರಿತು ನಾನು ಏನು ಪಾಠ ಮಾಡಿದ್ದೆನೆಂದು ನೆನಪಿಸಿಕೊಂಡೆ. ಪುಲಿಕಾಟ್, ನಾಗಪಟ್ಟಣಂ, ಕೊಚ್ಚಿ ಅವರ ನೆಲೆಗಳು. ಮೆಣಸು, ಬಟ್ಟೆ ಅವರ ವ್ಯಾಪಾರದ ಸರಕು. 1741ರಲ್ಲಿ ಕೊಳಚಲ್ ಯುದ್ಧದಲ್ಲಿ ತಿರುವಾಂಕೂರಿನ ಮಾರ್ತಾಂಡ ವರ್ಮ ಅವರನ್ನು ಸೋಲಿಸಿದ. ಎರಡು ಅಂಕದ ಪ್ರಶ್ನೆ, ಅಷ್ಟೆ. ಅದೇ ಕೋರಮಂಡಲ ತೀರದಿಂದ, ಬರಗಾಲದಲ್ಲಿ ಹೊಟ್ಟೆಗಿಲ್ಲದೆ ತಮ್ಮನ್ನೂ ಮಕ್ಕಳನ್ನೂ ಮಾರಿಕೊಂಡವರನ್ನು ಅದೇ ಕಂಪನಿಯ ಹಡಗುಗಳು ತುಂಬಿಕೊಂಡು ಹೋದುವೆಂಬುದು ಪಠ್ಯದಲ್ಲಿರಲಿಲ್ಲ. ನಾನೂ ಪಠ್ಯದಾಚೆ ನೋಡಲಿಲ್ಲ. 'ಸರಕುಗಳನ್ನು ಪಟ್ಟಿ ಮಾಡಿ' ಎಂದು ನಿಮಗೆ ಪ್ರಶ್ನೆ ಕೊಡುತ್ತಿದ್ದೆ. ಆ ಪಟ್ಟಿಯಲ್ಲಿ ಮನುಷ್ಯರು ಸೇರಬೇಕಾಗಿತ್ತು.

ಮರುದಿನ ಸ್ಟೆಲೆನ್‌ಬಾಷ್ ಪಟ್ಟಣಕ್ಕೆ ಹೋದೆವು. ವಾನ್ ಡರ್ ಸ್ಟೆಲ್ 1679ರಲ್ಲಿ ತನ್ನ ಹೆಸರಿನಿಂದಲೇ ಸ್ಥಾಪಿಸಿದ ಊರು. ಬೀದಿಗಳ ಇಕ್ಕೆಲಗಳಲ್ಲಿ ದೊಡ್ಡ ದೊಡ್ಡ ಓಕ್ ಮರಗಳು. ಪೀಪಾಯಿಗೆ ಮರ ಒದಗಲೆಂದು ಓಕ್ ನೆಡಿಸಿದರಂತೆ. ಆದರೆ ಕೇಪಿನ ಬಿಸಿಲಿಗೆ ಅವು ಬೇಗಬೇಗ ಬೆಳೆದು ಮರ ಸಡಿಲವಾಯಿತು, ಪೀಪಾಯಿಗೆ ಒದಗಲಿಲ್ಲ. ನೆರಳು ಮಾತ್ರ ಉಳಿಯಿತು. ಈ ಸಂಗತಿಯನ್ನು ಹೇಳಿದವರು ಆ ದಿನದ ನಮ್ಮ ಮಾರ್ಗದರ್ಶಕರು. ನನ್ನಷ್ಟೇ ವಯಸ್ಸಾದ, ನರೆಗೂದಲಿನ, ಮಿತಭಾಷಿಯಾದ ಮನುಷ್ಯ. ದ್ರಾಕ್ಷಿತೋಟದ ಕೂಲಿಯ ಮಗನಾಗಿ ಹುಟ್ಟಿ ಬೆಳೆದವರು.

ಅವರು ನಮ್ಮನ್ನು ಹೆಲ್ಸ್‌ಹೂಗ್ಟೆ ಎಂಬ ಕಣಿವೆದಾರಿಯಲ್ಲಿ ಕರೆದೊಯ್ದು ಪ್ನಿಯೆಲ್ ಎಂಬ ಹಳ್ಳಿಯಲ್ಲಿ ವಾಹನ ನಿಲ್ಲಿಸಿದರು. ಕೇಪಿನಲ್ಲಿ ಗುಲಾಮಗಿರಿ ರದ್ದಾದದ್ದು 1834ರ ಡಿಸೆಂಬರ್ 1ರಂದು. ಆದರೆ ಬಿಡುಗಡೆಯಾದವರು ಇನ್ನೂ ನಾಲ್ಕು ವರ್ಷ 'ಉಮೇದುವಾರಿ'ಯ ಹೆಸರಿನಲ್ಲಿ ಅದೇ ಒಡೆಯರ ಬಳಿ ದುಡಿಯಬೇಕಾಯಿತು. ನಿಜವಾದ ಬಿಡುಗಡೆ 1838ರ ಡಿಸೆಂಬರ್ 1ಕ್ಕೆ. ಪರಿಹಾರಧನ ದೊರೆತದ್ದು ಒಡೆಯರಿಗೆ. ದುಡಿದವರಿಗೆ ಕಾಸೂ ಇಲ್ಲ, ಅಂಗೈಯಗಲ ನೆಲವೂ ಇಲ್ಲ. ಅಂಥವರಿಗಾಗಿ 1843ರಲ್ಲಿ ಆರಂಭವಾದ ಮಿಷನ್ ನೆಲೆಯೇ ಪ್ನಿಯೆಲ್. ಬಿಡುಗಡೆಯಾದವರು ಮನೆ ಕಟ್ಟಿಕೊಂಡು, ಹಿತ್ತಿಲಲ್ಲಿ ಹಣ್ಣು ತರಕಾರಿ ಬೆಳೆದು, ಮಕ್ಕಳನ್ನು ಓದಿಸಿದ ಊರು. ಬಿಳಿಯ ಚರ್ಚಿನ ಮುಂದೆ ನಿಂತು ಅವರು ತಮ್ಮ ಮನೆತನವನ್ನು ಹೇಳಿದರು. ಅವರ ತಾಯಿಯ ತವರಿನ ಹೆಸರು 'ಸೆಪ್ಟೆಂಬರ್'. ಗುಲಾಮರಿಗೆ ತಿಂಗಳುಗಳ ಹೆಸರಿಡುವ ಪದ್ಧತಿ ಅಲ್ಲಿತ್ತು. ಫೆಬ್ರವರಿ, ಏಪ್ರಿಲ್, ಸೆಪ್ಟೆಂಬರ್ ಎಂಬ ಕುಲನಾಮದವರು ಇಂದಿಗೂ ಇದ್ದಾರೆ. "ಎಲ್ಲಿಂದ ಬಂದೆವೆಂಬುದು ಹೆಸರಿನಲ್ಲಿಲ್ಲ. ಎಂದು ಬಂದೆವೆಂಬುದು ಮಾತ್ರ ಇದೆ" ಎಂದರು. ಅವರ ಮನೆಯಲ್ಲಿ ಉಪ್ಪಿನಕಾಯಿಗೆ 'ಅಚಾರ್' ಎನ್ನುತ್ತಾರಂತೆ. ಆ ಒಂದು ಪದವನ್ನು ಕೇಳಿ ನಮ್ಮ ಮನೆಯವರ ಕಣ್ಣು ತುಂಬಿತು.

ಮಧ್ಯಾಹ್ನ ಒಂದು ತೋಟದ ಬದಿಯಲ್ಲಿ ಕುಳಿತು ಬುತ್ತಿ ಬಿಚ್ಚಿದೆವು. ಆಗ ಅವರು 'ಡಾಪ್' ಎಂಬ ಪದ್ಧತಿಯನ್ನು ಕುರಿತು ಹೇಳಿದರು. ತೋಟದ ಕೂಲಿಗಳಿಗೆ ಸಂಬಳದ ಒಂದು ಭಾಗವನ್ನು ವೈನಿನ ರೂಪದಲ್ಲಿ ಕೊಡುವುದು. ಬೆಳಗ್ಗೆ ಒಂದು ತಗಡಿನ ಲೋಟ, ಹತ್ತು ಗಂಟೆಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಇನ್ನೊಂದು. ಮಾರಾಟಕ್ಕೆ ಬಾರದ ಕೀಳು ವೈನ್. ಗುಲಾಮಗಿರಿಯ ಕಾಲದಿಂದ ಬಂದ ರೂಢಿ. ಕಾನೂನು ನಿಷೇಧಿಸಿದ ಮೇಲೂ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕೆಲವೆಡೆ ಉಳಿದಿತ್ತು. ಚಟ ಹತ್ತಿದ ಕೂಲಿ ಬೇರೆ ಕಡೆ ಹೋಗಲಾರ. ಹೋದರೆ ಮನೆಯೂ ಹೋಗುತ್ತದೆ, ಏಕೆಂದರೆ ಮನೆ ತೋಟದ್ದು. ಗರ್ಭದಲ್ಲಿಯೇ ಮದ್ಯದ ಪೆಟ್ಟು ತಿಂದು ಹುಟ್ಟುವ ಮಕ್ಕಳ ಪ್ರಮಾಣ ಪ್ರಪಂಚದಲ್ಲಿಯೇ ಅತಿ ಹೆಚ್ಚಾಗಿ ಕಂಡುಬಂದ ಪ್ರದೇಶಗಳಲ್ಲಿ ಇದೂ ಒಂದು. "ನನ್ನ ತಂದೆಯ ಲೋಟ ಈಗಲೂ ನನ್ನ ಬಳಿ ಇದೆ. ನನ್ನ ತಾಯಿ ಹಟ ಹಿಡಿದು, ಇದ್ದ ಮನೆಯನ್ನು ಬಿಟ್ಟು, ನಮ್ಮನ್ನು ಕಟ್ಟಿಕೊಂಡು ಈ ಹಳ್ಳಿಗೆ ನಡೆದು ಬಂದಳು. ಆದ್ದರಿಂದ ನಾನು ಶಾಲೆಗೆ ಹೋದೆ. ತಂದೆ ಅಲ್ಲಿಯೇ ಉಳಿದ" ಎಂದರು.

ನನಗೆ ತಟ್ಟನೆ ನಮ್ಮ ಶಾಲೆ ನೆನಪಾಯಿತು. ನಿಮ್ಮಲ್ಲಿ ಕೆಲವರಿಗೆ ತಿಳಿದಿರುತ್ತದೆ, ತೊಂಬತ್ತರ ದಶಕದಲ್ಲಿ ನಮ್ಮ ಊರಿನ ಸಂತೆಯ ದಿನ ಸಾರಾಯಿ ಪ್ಯಾಕೆಟ್ಟುಗಳು ಹೇಗೆ ಚರಂಡಿಯಲ್ಲಿ ಬಿದ್ದಿರುತ್ತಿದ್ದವೆಂದು. ಒಂಬತ್ತನೆಯ ತರಗತಿಯಲ್ಲಿ ಲೆಕ್ಕದಲ್ಲಿ ಬಹಳ ಚುರುಕಾಗಿದ್ದ ಹುಡುಗನೊಬ್ಬ ಶಾಲೆ ಬಿಟ್ಟ. ಅವನ ಅಪ್ಪನ ಕೂಲಿಯೆಲ್ಲ ಸಾರಾಯಿ ಅಂಗಡಿಗೆ ಹೋಗುತ್ತಿತ್ತು. ಮನೆ ನಡೆಸುವುದಕ್ಕೆ ಅವನು ಗಾರೆ ಕೆಲಸಕ್ಕೆ ಸೇರಿದ. ನಾನು ಒಮ್ಮೆ ಅವರ ಮನೆಗೆ ಹೋಗಿ, ಜಗಲಿಯ ಮೇಲೆ ಬಿದ್ದಿದ್ದ ಆ ಮನುಷ್ಯನಿಗೆ ಬುದ್ಧಿ ಹೇಳಿ, "ಇಂಥವರಿಗೆ ಎಷ್ಟು ಹೇಳಿದರೂ ಅಷ್ಟೆ" ಎಂದುಕೊಂಡು ಹಿಂದಿರುಗಿದೆ. 2007ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಆ ಹುಡುಗ ದೊಡ್ಡವನಾಗಿದ್ದ. ಪ್ನಿಯೆಲ್ಲಿನ ಆ ತಾಯಿಯ ಕಥೆಯನ್ನು ಕೇಳುವಾಗ ನನಗೆ ಹೊಳೆದದ್ದು ಇಷ್ಟೆ: ಕುಡಿಯುವವನನ್ನು ನಾನು ನೋಡಿದ್ದೆ, ಕುಡಿಸುವುದರಿಂದ ಯಾರಿಗೆ ಲಾಭವೆಂದು ನೋಡಿರಲಿಲ್ಲ. ಆ ಹುಡುಗನ ತಾಯಿಯನ್ನು ಒಂದು ಮಾತೂ ಕೇಳಿರಲಿಲ್ಲ.

ಸಂಜೆ ಫ್ರಾನ್ಶ್‌ಹೂಕ್ ತಲುಪಿದೆವು. 'ಫ್ರೆಂಚರ ಮೂಲೆ' ಎಂದು ಅದರ ಅರ್ಥ. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1685ರಲ್ಲಿ ನಾಂಟ್ ಶಾಸನವನ್ನು ರದ್ದುಪಡಿಸಿದ್ದನ್ನು ಪಾಠದಲ್ಲಿ ಓದಿದ್ದೀರಿ. ಆಗ ದೇಶಬಿಟ್ಟ ಪ್ರಾಟೆಸ್ಟಂಟ್ ಹ್ಯೂಗೆನಾಟರಲ್ಲಿ ಸುಮಾರು ಇನ್ನೂರು ಜನ 1688ರಿಂದ ಈ ಕಣಿವೆಗಳಿಗೆ ಬಂದರು. ಅವರ ನೆನಪಿಗೆ ಊರ ತುದಿಯಲ್ಲಿ ಮೂರು ಎತ್ತರದ ಕಮಾನುಗಳ ಸ್ಮಾರಕವಿದೆ. ಅದು ಉದ್ಘಾಟನೆಯಾದದ್ದು 1948ರಲ್ಲಿ. ವರ್ಣಭೇದ ನೀತಿಯ ಸರ್ಕಾರ ಅಧಿಕಾರಕ್ಕೆ ಬಂದದ್ದೂ ಅದೇ ವರ್ಷ. ಧರ್ಮಕ್ಕಾಗಿ ದೇಶಬಿಟ್ಟವರ ಬಗೆಗೆ ನನಗೆ ಗೌರವವಿದೆ. ಆದರೆ ಇನ್ನೂರು ಜನರಿಗೆ ಇಷ್ಟು ದೊಡ್ಡ ಸ್ಮಾರಕವಿದ್ದು, ಅರುವತ್ತಮೂರು ಸಾವಿರ ಜನರಿಗೆ ಅಷ್ಟೆತ್ತರದ್ದು ಆ ಕಣಿವೆಯಲ್ಲಿ ನನಗೆ ಎಲ್ಲಿಯೂ ಕಾಣಲಿಲ್ಲ.

ಅಲ್ಲಿನ ಅಂಗಡಿಯೊಂದರಲ್ಲಿ ಎಲ್ಲರಿಗೂ ರುಚಿನೋಡಲು ವೈನ್ ಕೊಟ್ಟರು. ನನಗೆ ಹುಳಿಯೇಳಿಸದ ದ್ರಾಕ್ಷಿರಸ. ಅಳಿಯಂದಿರು ಅಲ್ಲಿಯದೇ ಆದ 'ಪಿನೊಟಾಜ್' ಎಂಬ ತಳಿಯನ್ನು ಹೊಗಳಿದರು; 1925ರಲ್ಲಿ ಪೆರೋಲ್ಡ್ ಎಂಬ ಪ್ರಾಧ್ಯಾಪಕರು ಸ್ಟೆಲೆನ್‌ಬಾಷ್‌ನಲ್ಲಿ ಎರಡು ತಳಿಗಳನ್ನು ಕೂಡಿಸಿ ಪಡೆದದ್ದು. ನಮ್ಮ ಮಾರ್ಗದರ್ಶಕರು ಏನನ್ನೂ ಮುಟ್ಟಲಿಲ್ಲ. ನಾವಿಬ್ಬರೂ ಮುದುಕರು ದ್ರಾಕ್ಷಿರಸದ ಲೋಟ ಹಿಡಿದು ಎದುರುಬದುರು ಕುಳಿತೆವು.

ಹಿಂದಿರುಗುವಾಗ ಅವರು ಒಂದು ಗೇಟಿನ ಮುಂದೆ ವಾಹನ ನಿಲ್ಲಿಸಿದರು. ಹಿಂದೆ ವಿಕ್ಟರ್ ವರ್ಸ್ಟರ್ ಎಂದು ಹೆಸರಿದ್ದ ಸೆರೆಮನೆ. 1988ರ ಡಿಸೆಂಬರಿನಿಂದ ಮಂಡೇಲರನ್ನು ಇಟ್ಟಿದ್ದದ್ದು ಇಲ್ಲಿ. 1990ರ ಫೆಬ್ರವರಿ 11ರಂದು ಅವರು ಬಿಡುಗಡೆ ಹೊಂದಿ ನಡೆದು ಬಂದದ್ದು ಈ ಗೇಟಿನಿಂದಲೇ. ಸುತ್ತಲೂ ದ್ರಾಕ್ಷಿತೋಟಗಳು. ಮರುದಿನ ಸೋಮವಾರ ತರಗತಿಯಲ್ಲಿ ಆ ಸುದ್ದಿಯನ್ನು ನಾನು ಕರಿಹಲಗೆಯ ಮೇಲೆ ಬರೆದದ್ದು ನೆನಪಾಯಿತು. ಅಂದಿನ ವಿದ್ಯಾರ್ಥಿಗಳು ಈಗ ಐವತ್ತರ ಸಮೀಪದಲ್ಲಿದ್ದೀರಿ.

ಇಷ್ಟು ದಿನ ನಾನು ಪ್ರವಾಸ ಎಂದರೆ ಪುಸ್ತಕದಲ್ಲಿ ಓದಿದ್ದನ್ನು ಕಣ್ಣಿನಿಂದ ಖಚಿತಪಡಿಸಿಕೊಳ್ಳುವುದು ಎಂದು ತಿಳಿದಿದ್ದೆ. ಮುದ್ರಿತ ಕೈಪಿಡಿಯನ್ನು ಹಿಡಿದು ಒಬ್ಬನೇ ಸುತ್ತಿದ್ದರೆ ಬಿಳಿಯ ಮನೆಗಳು, ನೀಲಿ ಬೆಟ್ಟಗಳು, ಉತ್ತಮ ವೈನ್ ಎಂದು ಬರೆದು ಮುಗಿಸುತ್ತಿದ್ದೆ. ಆ ನೆಲದಲ್ಲಿ ಹುಟ್ಟಿದ ಇಬ್ಬರು ಕೈಹಿಡಿದು ನಡೆಸಿದ್ದರಿಂದ, ಮನೆ ಕಟ್ಟಿದವರು ಯಾರು, ಬಳ್ಳಿ ನೆಟ್ಟವರು ಯಾರು ಎಂಬ ಪ್ರಶ್ನೆ ಹುಟ್ಟಿತು. ನೀವು ಎಲ್ಲಿಗೇ ಹೋದರೂ, ಹಂಪಿಗೆ ಹೋದರೂ ಸರಿ, ಬೇಲೂರಿಗೆ ಹೋದರೂ ಸರಿ, ಊರಿನವರೊಬ್ಬರನ್ನು ಜೊತೆಗಿಟ್ಟುಕೊಂಡು, ಅವರಿಗೆ ತಕ್ಕ ಸಂಭಾವನೆ ಕೊಟ್ಟು, ಅವರು ಹೇಳುವುದನ್ನು ಕಿವಿಗೊಟ್ಟು ಕೇಳಿ.

ಕೊನೆಯದಾಗಿ, ಹಿಂದಿನ ಬೆಂಚಿನ ಆ ಹುಡುಗಿಗೆ. ನಿನ್ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಓದಿದರೆ ನಿನಗೇ ತಿಳಿಯುತ್ತದೆ. ನೀನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಹೀಗಿದೆ: ಇದ್ದರಮ್ಮ. 1860ಕ್ಕೆ ಇನ್ನೂರು ವರ್ಷ ಮೊದಲೇ ನಮ್ಮವರು ಅಲ್ಲಿ ಇದ್ದರು. ತಮ್ಮ ಇಚ್ಛೆಯಿಂದ ಹೋದವರಲ್ಲ, ತಮ್ಮ ಹೆಸರನ್ನೂ ಉಳಿಸಿಕೊಳ್ಳಲಾಗದವರು. ಅಂದು ನಿನ್ನನ್ನು ಕುಳಿತುಕೋ ಎಂದದ್ದು ನನ್ನ ತಪ್ಪು.

ನೀನೂ ಈಗ ಶಿಕ್ಷಕಿಯಾಗಿರುವೆಯೆಂದು ಕೇಳಿದ್ದೇನೆ. ಈ ಪಾಠ ಬಂದಾಗ ಮಕ್ಕಳಿಗೆ ತಿದ್ದಿ ಹೇಳು.